ಅಲ್ಲಿ ವಿಟಮಿನ್, ಇಲ್ಲಿ ಔಷಧ: ಗಡಿ ದಾಟಿದ ಮಾತ್ರೆಗೆ ಹೆಸರು ಬದಲಾಗುವುದೇಕೆ?

ಆಸ್ಟ್ರೇಲಿಯಾದಲ್ಲಿ ಇನ್ನು ವಿಟಮಿನ್ ಬಿ6 ಬೇಕಾದರೆ ಫಾರ್ಮಸಿಸ್ಟ್ ಹತ್ತಿರ ಕೇಳಿ ತೆಗೆದುಕೊಳ್ಳಬೇಕಂತೆ. 2025ರಲ್ಲಿ ಈ ಸುದ್ದಿ ಬಂದಾಗ ಹುಬ್ಬೇರಿಸಿದವರೇ ಜಾಸ್ತಿ. ವಿಟಮಿನ್ ತಾನೇ? ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಅಂತ ಅಲ್ವಾ ಎಲ್ಲರೂ ಹೇಳುವುದು?

ಸುದ್ದಿಯ ವಿವರ ಇಷ್ಟು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ ಎಲ್ಲಾ ಬಿ6 ಮಾತ್ರೆಗಳನ್ನೂ ಮುಟ್ಟಿಲ್ಲ. ದಿನದ ಪ್ರಮಾಣದಲ್ಲಿ 50 ಮಿಲಿಗ್ರಾಂಗಿಂತ ಜಾಸ್ತಿ, 200 ಮಿಲಿಗ್ರಾಂವರೆಗೆ ಬಿ6 ಇರುವಂಥವು ಮಾತ್ರ 2027ರ ಫೆಬ್ರವರಿಯಿಂದ ಕೌಂಟರಿನ ಹಿಂದಕ್ಕೆ ಹೋಗುತ್ತವೆ. ವೈದ್ಯರ ಚೀಟಿ ಬೇಡ, ಆದರೆ ಫಾರ್ಮಸಿಸ್ಟ್ ಜೊತೆ ಒಂದು ಮಾತಾದರೂ ಆಡಬೇಕು. 50 ಅಥವಾ ಅದಕ್ಕಿಂತ ಕಡಿಮೆ ಇರುವವು ಎಂದಿನಂತೆ ಕಪಾಟಿನಲ್ಲೇ ಇರುತ್ತವೆ.

ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಇದು ಸಣ್ಣ ಬದಲಾವಣೆ. ಬೇರೆ ದೇಶದಿಂದ ಹೋಗಿ ನೆಲೆಸಿದವರಿಗೆ ಹಾಗಲ್ಲ. ವರ್ಷಗಳಿಂದ ನುಂಗುತ್ತಿದ್ದ ಮಾತ್ರೆ ಹೊಸ ದೇಶದಲ್ಲಿ ಸಿಗುತ್ತಾ? ಸಿಗದಿದ್ದರೆ ತರಿಸಿಕೊಳ್ಳಬಹುದಾ? ತರಿಸಿದರೆ ತಪ್ಪಾ? ಈ ಪ್ರಶ್ನೆಗಳಿಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಡುತ್ತದೆ. ಬಿ6 ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದು ಯಾಕೆ ಎಂದು ಗೊತ್ತಾಗುತ್ತದೆ.

ಒಂದೇ ವಿಟಮಿನ್, ಮೂರು ಮಿತಿ

ಬಿ6 ನೀರಿನಲ್ಲಿ ಕರಗುವ ವಿಟಮಿನ್ ನಿಜ. ಆದರೂ ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈಕಾಲಿನ ನರಗಳಿಗೆ ಪೆಟ್ಟು ಬೀಳಬಹುದು. ಮೊದಲು ಪಾದದಲ್ಲಿ ಜುಮುಜುಮು, ಆಮೇಲೆ ಮರಗಟ್ಟಿದ ಹಾಗೆ, ಕೆಲವರಿಗೆ ನಡೆಯುವಾಗ ಆಯ ತಪ್ಪುತ್ತದೆ.

ಅಷ್ಟೊಂದು ಬಿ6 ಯಾರು ತಿನ್ನುತ್ತಾರೆ ಅಂತ ಕೇಳಬಹುದು. ಬೇಕೆಂದೇ ತಿನ್ನುವವರು ಕಡಿಮೆ. ಸ್ನಾಯು ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆ, ಸುಸ್ತಿಗೆ ಬಿ ಕಾಂಪ್ಲೆಕ್ಸ್, ನೆಗಡಿ ಬಾರದಿರಲಿ ಎಂದು ಜಿಂಕ್. ಮೂರು ಡಬ್ಬಿಗಳ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಅನೇಕ ಸಲ ಮೂರರಲ್ಲೂ 'ಪಿರಿಡಾಕ್ಸಿನ್' ಎಂಬ ಹೆಸರು ಸಿಗುತ್ತದೆ. ಬಿ6 ಅಂದರೆ ಅದೇ. ಮುಂಬದಿಯಲ್ಲಿ ದೊಡ್ಡದಾಗಿ ಬರೆದಿರುವುದು ಮೆಗ್ನೀಸಿಯಂ ಎಂದು ಮಾತ್ರ.

ಹಾಗಾದರೆ ದಿನಕ್ಕೆ ಎಷ್ಟು ದಾಟಬಾರದು? ಅಮೆರಿಕದಲ್ಲಿ 1998ರಿಂದ ಚಾಲ್ತಿಯಲ್ಲಿರುವ ಮೇಲ್ಮಿತಿ ವಯಸ್ಕರಿಗೆ 100 ಮಿಲಿಗ್ರಾಂ. ಆಸ್ಟ್ರೇಲಿಯಾದಲ್ಲಿ 50. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಫ್ಸಾ ತನ್ನ ಹಳೆಯ 25ರ ಮಿತಿಯನ್ನು 2023ರಲ್ಲಿ 12ಕ್ಕೆ ಇಳಿಸಿತು. ಮನುಷ್ಯರ ನರ ಎಲ್ಲಾ ಕಡೆ ಒಂದೇ. ಬೇರೆಯಾಗುವುದು, ಇರುವ ಪುರಾವೆಯನ್ನು ಓದುವ ರೀತಿ ಮತ್ತು ಎಷ್ಟು ಅಂತರ ಇಟ್ಟುಕೊಂಡರೆ ಸಾಕು ಎನ್ನುವ ಲೆಕ್ಕ. ಹಾಗಾಗಿ ಒಂದು ದೇಶದ ಸಾಮಾನ್ಯ ಮಾತ್ರೆ ಇನ್ನೊಂದು ದೇಶದಲ್ಲಿ 'ಮಿತಿಮೀರಿದ' ಮಾತ್ರೆ.

ಆಹಾರವೋ ಔಷಧವೋ, ಮೊದಲು ಅದು ತೀರ್ಮಾನವಾಗಲಿ

ಗೊಂದಲದ ಬೇರು ಇಲ್ಲಿದೆ. ಸಪ್ಲಿಮೆಂಟ್ ಎಂಬುದು ಆಹಾರಕ್ಕೂ ಔಷಧಕ್ಕೂ ನಡುವೆ ನಿಂತ ವಸ್ತು. ನಡುವೆ ಇರುವುದನ್ನು ಯಾವ ಕಡೆಗೆ ತಳ್ಳಬೇಕು ಎಂದು ಪ್ರತಿ ದೇಶದ ಕಾನೂನು ತಾನೇ ನಿರ್ಧರಿಸುತ್ತದೆ.

ಅಮೆರಿಕ 1994ರ ಕಾಯ್ದೆಯಲ್ಲಿ ಅದನ್ನು ಆಹಾರದ ಕಡೆ ತಳ್ಳಿತು. ಮಾರುಕಟ್ಟೆಗೆ ಬರುವ ಮುಂಚೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಅದೇ ವರ್ಷದ ಅಕ್ಟೋಬರ್ 15ಕ್ಕೆ ಮೊದಲು ಮಾರಾಟದಲ್ಲಿ ಇಲ್ಲದ ಹೊಸ ಪದಾರ್ಥವಾದರೆ ಸಾಮಾನ್ಯವಾಗಿ 75 ದಿನ ಮುಂಚೆ ತಿಳಿಸಬೇಕು, ಅಷ್ಟೇ. ತೊಂದರೆ ಕಂಡ ಮೇಲೆ ಅದನ್ನು ಸಾಬೀತು ಮಾಡಿ ತೆಗೆಸುವ ಹೊಣೆ ಎಫ್‌ಡಿಎ ಮೇಲಿದೆ. ಎಫೆಡ್ರಾ ಎಂಬ ತೂಕ ಇಳಿಸುವ ಗಿಡಮೂಲಿಕೆಯನ್ನು ನಿಷೇಧಿಸಲು 2004ರವರೆಗೆ ಕಾಯಬೇಕಾದದ್ದು ಇದೇ ಕಾರಣಕ್ಕೆ.

ಆಸ್ಟ್ರೇಲಿಯಾ ಹೆಚ್ಚಿನ ಸಪ್ಲಿಮೆಂಟುಗಳನ್ನು ಔಷಧದ ಕಡೆ ಎಳೆದುಕೊಂಡಿದೆ. ಡಬ್ಬಿಯ ಮೇಲೆ 'ಆಸ್ಟ್ ಎಲ್' ಎಂದು ಒಂದು ಸಂಖ್ಯೆ ಇರುತ್ತದೆ. ಒಪ್ಪಿತ ಪಟ್ಟಿಯ ಪದಾರ್ಥಗಳನ್ನೇ ಬಳಸಲಾಗಿದೆ, ನೋಂದಣಿ ಆಗಿದೆ ಎಂಬುದರ ಗುರುತು ಅದು. ಕೆಲಸ ಮಾಡುತ್ತದೆ ಎಂದು ಸರ್ಕಾರ ಪರೀಕ್ಷಿಸಿದೆ ಎಂದು ಅರ್ಥ ಅಲ್ಲ. ಆ ಪರೀಕ್ಷೆ ಆಗಿರುವುದಕ್ಕೆ 'ಆಸ್ಟ್ ಆರ್' ಎಂದಿರುತ್ತದೆ. ಒಂದಕ್ಷರದ ವ್ಯತ್ಯಾಸ, ಆದರೆ ಕೊಳ್ಳುವವರಿಗೆ ತುಂಬಾ ಮುಖ್ಯ. ಕೆನಡಾದಲ್ಲಿ 2004ರಿಂದ ನೈಸರ್ಗಿಕ ಆರೋಗ್ಯ ಉತ್ಪನ್ನ ಎಂಬ ಬೇರೆಯದೇ ವರ್ಗ ಇದೆ. ಅಲ್ಲಿ ಲೇಬಲ್ ಮೇಲೆ ಎಂಟು ಅಂಕಿಯ 'ಎನ್‌ಪಿಎನ್' ನೋಡಬೇಕು.

ಯುರೋಪ್ ಒಕ್ಕೂಟದ ಸ್ಥಿತಿ ಇನ್ನೂ ಜಟಿಲ. 2002ರ ನಿರ್ದೇಶನ ಯಾವ ಯಾವ ವಿಟಮಿನ್, ಖನಿಜ ಬಳಸಬಹುದು ಎಂದು ಪಟ್ಟಿ ಮಾಡಿತು. ಎಷ್ಟು ಬಳಸಬಹುದು ಎಂಬ ಗರಿಷ್ಠ ಪ್ರಮಾಣವನ್ನು ಆಮೇಲೆ ನಿಗದಿ ಮಾಡೋಣ ಎಂದು ಬಿಟ್ಟಿತು. ಆ 'ಆಮೇಲೆ'ಗೆ ಇಪ್ಪತ್ತು ವರ್ಷ ದಾಟಿತು. ಗಿಡಮೂಲಿಕೆಗಳ ವಿಷಯದಲ್ಲಂತೂ ಒಂದೇ ಪಟ್ಟಿ ಎಂಬುದೇ ಇಲ್ಲ. ಒಂದೇ ಮಾರುಕಟ್ಟೆ ಎಂದು ಕರೆಸಿಕೊಳ್ಳುವ ಜಾಗದಲ್ಲಿ ರೈಲಿನಲ್ಲಿ ಒಂದು ಗಂಟೆ ಹೋದರೆ ನಿಯಮ ಬದಲಾಗಿರುತ್ತದೆ.

ಇದರ ಮೇಲೆ ಇನ್ನೊಂದು ತಿರುವು ಇದೆ: ಮಾರುವವರ ಮಾತು. ಯುರೋಪಿನ ಕಾನೂನಿನ ಪ್ರಕಾರ ಒಂದು ವಸ್ತು ಎರಡು ದಾರಿಯಲ್ಲಿ ಔಷಧವಾಗಬಹುದು. ದೇಹದಲ್ಲಿ ಔಷಧದ ಕೆಲಸ ಮಾಡಿದರೆ ಅದು ಔಷಧ. ರೋಗ ವಾಸಿ ಮಾಡುತ್ತೇನೆ ಎಂದು ಹೇಳಿಕೊಂಡರೂ ಔಷಧವೇ. ಶುಂಠಿ ಪುಡಿಯ ಕ್ಯಾಪ್ಸೂಲ್ ಆಹಾರ. ಅದೇ ಡಬ್ಬಿಯ ಮೇಲೆ 'ಸಂಧಿವಾತ ಗುಣವಾಗುತ್ತದೆ' ಎಂದು ಅಚ್ಚು ಹಾಕಿದರೆ ಅದು ಪರವಾನಗಿ ಇಲ್ಲದ ಔಷಧ. ಒಳಗಿನ ಶುಂಠಿಗೆ ಇದ್ಯಾವುದೂ ಗೊತ್ತಿಲ್ಲ ಪಾಪ.

ಮೆಲಟೋನಿನ್ ಎಂಬ ಪಾಠ

ಈ ವ್ಯತ್ಯಾಸ ಎದ್ದು ಕಾಣುವುದು ನಿದ್ದೆ ಬರಲೆಂದು ತೆಗೆದುಕೊಳ್ಳುವ ಮೆಲಟೋನಿನ್ ಎಂಬ ಹಾರ್ಮೋನಿನಲ್ಲಿ. ಅಮೆರಿಕದಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಹಣ್ಣಿನ ರುಚಿಯ ಗಮ್ಮಿ, ಅಂದರೆ ಜಗಿಯುವ ಮಿಠಾಯಿ ರೂಪದಲ್ಲೂ. ಬ್ರಿಟನ್‌ನಲ್ಲಿ ವೈದ್ಯರ ಚೀಟಿ ಬೇಕು. ಆಸ್ಟ್ರೇಲಿಯಾದಲ್ಲಿಯೂ ಸಾಮಾನ್ಯವಾಗಿ ಚೀಟಿಯೇ. 55 ದಾಟಿದವರಿಗೆ ಮಾತ್ರ 2 ಮಿಲಿಗ್ರಾಂನ ನಿಧಾನವಾಗಿ ಕರಗುವ ಮಾತ್ರೆಯನ್ನು 2021ರ ಜೂನ್‌ನಿಂದ ಫಾರ್ಮಸಿಸ್ಟ್ ನೇರವಾಗಿ ಕೊಡಬಹುದು. ಯುರೋಪಿನ ಹಲವು ದೇಶಗಳಲ್ಲಿ 1 ಮಿಲಿಗ್ರಾಂ ಆಸುಪಾಸಿನದು ಸಪ್ಲಿಮೆಂಟ್, ಅದಕ್ಕಿಂತ ಮೇಲಿನದು ಔಷಧ.

ಅಮೆರಿಕದಿಂದ 10 ಮಿಲಿಗ್ರಾಂ ಡಬ್ಬಿ ಹಿಡಿದು ಬಂದವರಿಗೆ 1 ಮಿಲಿಗ್ರಾಂ ನೋಡಿದರೆ ನಗು ಬರಬಹುದು. ಆದರೆ ಬೇಗ ನಿದ್ದೆ ಹತ್ತಲು ನೆರವಾಗುತ್ತದೆ ಎಂದು ಬರೆದುಕೊಳ್ಳಲು ಯುರೋಪ್ ಒಪ್ಪಿರುವ ಪ್ರಮಾಣವೇ ಮಲಗುವ ಮುಂಚೆ 1 ಮಿಲಿಗ್ರಾಂ.

ಇನ್ನು ಲೇಬಲ್ ನಂಬಬಹುದಾ? 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಅಧ್ಯಯನ ಬಂತು. ಅಲ್ಲಿ ಮಾರಾಟವಾಗುವ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಬರೆದದ್ದೇ ಒಂದು, ಇದ್ದದ್ದೇ ಇನ್ನೊಂದು. ಬರೆದ ಪ್ರಮಾಣದ ಶೇ. 74ರಿಂದ ಶೇ. 347ರವರೆಗೆ ಇತ್ತು. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ, ಬದಲಿಗೆ ಸಿಬಿಡಿ ಇತ್ತು. ಗಾಂಜಾ ಜಾತಿಯ ಗಿಡದಿಂದ ಬರುವ ಪದಾರ್ಥ ಅದು. ಇಂಥ ಡಬ್ಬಿ ಸಿಬಿಡಿ ನಿಷೇಧಿಸಿದ ದೇಶದ ವಿಮಾನ ನಿಲ್ದಾಣಕ್ಕೆ ಹೋದರೆ? ಕೊಂಡವರಿಗೆ ಅಲ್ಲಿನ ನಿಷೇಧ ಗೊತ್ತಿಲ್ಲದೇ ಇರಬಹುದು. ಆದರೂ ಉತ್ತರ ಹೇಳಬೇಕಾದವರು ಅವರೇ.

ಅಶ್ವಗಂಧ: ಎಲ್ಲಿ ವಾದ ಜೋರಾಗಿದೆ

ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ 2020ರಲ್ಲಿ ಕೊಟ್ಟ ವರದಿ ಇದಕ್ಕೆ ಆಧಾರ. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲೆ ಪರಿಣಾಮ ಆಗಬಹುದು, ಗರ್ಭಪಾತದ ಅಪಾಯ ತಳ್ಳಿಹಾಕಲಾಗದು, ಇಷ್ಟಾದರೆ ಸುರಕ್ಷಿತ ಎಂದು ಒಂದು ಪ್ರಮಾಣ ಹೇಳಲು ಆಗುತ್ತಿಲ್ಲ ಎಂಬುದು ಅದರ ಸಾರ. ಪಕ್ಕದ ಜರ್ಮನಿಯಲ್ಲಿ ಮಾರಾಟ ನಡೆದೇ ಇದೆ. ಅಲ್ಲಿನ ಅಪಾಯ ಮೌಲ್ಯಮಾಪನ ಸಂಸ್ಥೆ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವವರು, ಯಕೃತ್ತಿನ ಅಂದರೆ ಲಿವರ್ ತೊಂದರೆ ಇರುವವರು ದೂರ ಇರಲಿ ಎಂದು ಎಚ್ಚರಿಸಿದೆ.

ನಿಷೇಧವನ್ನು ವಿರೋಧಿಸುವವರ ವಾದವೂ ಸುಮ್ನೆ ತಳ್ಳಿಬಿಡುವಂಥದ್ದಲ್ಲ. ಪರಂಪರೆಯಲ್ಲಿ ಹೊಟ್ಟೆಗೆ ತೆಗೆದುಕೊಳ್ಳುವುದು ಮುಖ್ಯವಾಗಿ ಬೇರನ್ನು. ಎಲೆಯ ಸಾರದಲ್ಲಿರುವ ಅಂಶಗಳೇ ಬೇರೆ. ವರದಿ ಎರಡನ್ನೂ ಬೆರೆಸಿ ನೋಡಿದೆ, ಶತಮಾನಗಳ ಬಳಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದು ಅವರ ದೂರು.

ಎರಡೂ ಕಡೆ ಒಂದೊಂದು ಹುಳುಕಿದೆ. ಹಿಂದಿನವರು ಬಳಸಿದ್ದು ಬೇರಿನ ಪುಡಿ, ಇಂದು ಡಬ್ಬಿಯಲ್ಲಿ ಬರುವುದು ಹಲವು ಪಟ್ಟು ಗಟ್ಟಿ ಮಾಡಿದ ಸಾರ. ಮೊದಲಿನದರ ಅನುಭವ ಎರಡನೆಯದಕ್ಕೆ ಪೂರ್ತಿ ಸಾಕ್ಷಿ ಆಗಲಾರದು. ಇತ್ತ, ಸುರಕ್ಷಿತ ಪ್ರಮಾಣ ಗೊತ್ತಿಲ್ಲ ಎಂದು ಪೂರ್ತಿ ಮುಚ್ಚಿಬಿಟ್ಟರೆ ಬೇಕಾದವರು ಪಕ್ಕದ ದೇಶದ ವೆಬ್‌ಸೈಟಿಗೆ ಹೋಗುತ್ತಾರೆ. ಅಲ್ಲಿ ಎಚ್ಚರಿಕೆಯ ಮಾತು ಹೇಳುವ ಫಾರ್ಮಸಿಸ್ಟ್ ಇರುವುದಿಲ್ಲ.

ಶಿಲೀಂಧ್ರ ಬೆಳೆಸಿ ಕೆಂಪಾಗಿಸಿದ ಅಕ್ಕಿ, ಅಂದರೆ ಕೆಂಪು ಯೀಸ್ಟ್ ಅಕ್ಕಿಯ ವಿಷಯದಲ್ಲಿ ಮಾತ್ರ ನಿಯಂತ್ರಕರ ಪರ ವಾಲಲೇಬೇಕು. ಕೊಲೆಸ್ಟ್ರಾಲ್ ಇಳಿಸುವ ಅದರ ಮೊನಾಕೊಲಿನ್ ಕೆ ಮತ್ತು ಲೊವಾಸ್ಟಾಟಿನ್ ಔಷಧ ಎರಡೂ ಒಂದೇ ಅಣು. ಒಂದಕ್ಕೆ ಚೀಟಿ, ಇನ್ನೊಂದಕ್ಕೆ 'ನೈಸರ್ಗಿಕ' ಎಂಬ ಪಟ್ಟಿ. ಯುರೋಪ್ 2022ರಲ್ಲಿ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಎಂದು ಮಿತಿ ಹಾಕಿತು. 2024ರಲ್ಲಿ ಜಪಾನಿನ ಕೊಬಯಾಶಿ ಕಂಪನಿಯ ಕೆಂಪು ಯೀಸ್ಟ್ ಮಾತ್ರೆ ತಿಂದವರಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಿತು. ಅಲ್ಲಿ ಕೈಕೊಟ್ಟದ್ದು ಮೊನಾಕೊಲಿನ್ ಅಲ್ಲ, ತಯಾರಿಕೆಯ ವೇಳೆ ಸೇರಿದ ಬೂಸ್ಟಿನಿಂದ ಬಂದ ಪ್ಯುಬೆರುಲಿಕ್ ಆಮ್ಲದ ಮೇಲೆ ಅನುಮಾನ ಬಿತ್ತು. ನಿಯಮ ಬಿಗಿ ಎನಿಸಿಕೊಂಡ ದೇಶದಲ್ಲೇ ಹೀಗಾಯಿತು.

ಸುಂಕ ಕಟ್ಟಿದರೆ ಕಾನೂನುಬದ್ಧವೇ?

ಇಲ್ಲ. ಅತಿ ಹೆಚ್ಚು ಜನ ಎಡವುವ ಜಾಗ ಇದು. ಪಾರ್ಸೆಲ್ ಎರಡು ಬಾಗಿಲು ದಾಟಬೇಕು. ಒಂದು ತೆರಿಗೆಯದು, ಇನ್ನೊಂದು ಅನುಮತಿಯದು. ಒಂದು ದಾಟಿದ ಮಾತ್ರಕ್ಕೆ ಇನ್ನೊಂದು ತೆರೆಯುವುದಿಲ್ಲ.

ತೆರಿಗೆಯ ಬಾಗಿಲು ಇತ್ತೀಚೆಗೆ ಕಿರಿದಾಗುತ್ತಿದೆ. ಯುರೋಪ್ ಒಕ್ಕೂಟದಲ್ಲಿ 22 ಯೂರೋವರೆಗಿನ ಪಾರ್ಸೆಲ್ಲಿಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಮುಗಿಯಿತು. 150 ಯೂರೋ ಒಳಗಿನವಕ್ಕೆ ಇದ್ದ ಸುಂಕ ವಿನಾಯಿತಿಯನ್ನೂ ತೆಗೆಯಲು ಸದಸ್ಯ ದೇಶಗಳು ಒಪ್ಪಿವೆ. ಅಮೆರಿಕ 800 ಡಾಲರ್‌ವರೆಗಿನ ವಿನಾಯಿತಿಯನ್ನು ಎಲ್ಲಾ ದೇಶಗಳ ಪಾರ್ಸೆಲ್ಲಿಗೂ 2025ರ ಆಗಸ್ಟ್ 29ಕ್ಕೆ ಕೊನೆ ಮಾಡಿತು.

ಇದು ಬರೀ ದುಡ್ಡಿನ ಮಾತಲ್ಲ. ವಿನಾಯಿತಿ ಇದ್ದಾಗ ಸಣ್ಣ ಪೊಟ್ಟಣಗಳು ಹೆಚ್ಚು ವಿವರ ಇಲ್ಲದೆ ಸಾಗಿಹೋಗುತ್ತಿದ್ದವು. ಈಗ ಒಳಗೇನಿದೆ, ಬೆಲೆ ಎಷ್ಟು ಎಂದು ಮುಂಚೆಯೇ ತಿಳಿಸಬೇಕು. ವಿವರ ಹೆಚ್ಚಾದಷ್ಟೂ ಔಷಧ ಇಲಾಖೆಯ ಕಣ್ಣಿಗೆ ಬೀಳುವುದೂ ಹೆಚ್ಚು. 'ಇಷ್ಟು ವರ್ಷ ಬರ್ತಿತ್ತಲ್ಲ, ಈಗ ಯಾಕೆ ತಡೆದರು' ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇರಬಹುದು. ಆಗಲೂ ಅನುಮತಿ ಇದ್ದಿರಲಿಕ್ಕಿಲ್ಲ. ಯಾರೂ ನೋಡಿರಲಿಲ್ಲ, ಅಷ್ಟೇ.

ಮನೆಯವರು ಕಳಿಸುವ ಡಬ್ಬದ ಮೇಲೆ ಅಂಟಿಸುವ ಹಸಿರು ಚೀಟಿ, ಸಿಎನ್ 22, ಇಲ್ಲಿ ಮುಖ್ಯವಾಗುತ್ತದೆ. 'ಗಿಫ್ಟ್, ಮಾತ್ರೆಗಳು' ಎಂದು ಬರೆದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ, ಹಾಗಾಗಿ ತೆರೆದು ನೋಡುತ್ತಾರೆ. 'ವಿಟಮಿನ್ ಡಿ3, 25 ಮೈಕ್ರೋಗ್ರಾಂ, 90 ಮಾತ್ರೆ, ಸ್ವಂತ ಬಳಕೆಗೆ' ಎಂದಿದ್ದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯಿತು. ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸುವುದು ಜಾಗ ಉಳಿಸುತ್ತದೆ, ಅನುಮಾನ ಬೆಳೆಸುತ್ತದೆ.

ಅನುಮತಿಯ ಬಾಗಿಲಿನಲ್ಲಿ ಹೆಚ್ಚಿನ ದೇಶಗಳು ಕೇಳುವುದು ಎರಡೇ: ಯಾರಿಗೆ, ಎಷ್ಟು? ಆಸ್ಟ್ರೇಲಿಯಾದ ಸ್ವಂತ ಬಳಕೆಯ ಆಮದು ಯೋಜನೆಯಲ್ಲಿ ಒಂದು ಸಲಕ್ಕೆ ಮೂರು ತಿಂಗಳಿಗೆ ಆಗುವಷ್ಟು ತರಿಸಬಹುದು, 12 ತಿಂಗಳಲ್ಲಿ ಒಟ್ಟು 15 ತಿಂಗಳ ಪ್ರಮಾಣ ಮೀರಬಾರದು. ಚೀಟಿಯ ಔಷಧವಾದರೆ ಚೀಟಿ ಇರಬೇಕು. ಜಪಾನಿನಲ್ಲಿ ಔಷಧ ಎಂದು ಪರಿಗಣಿಸುವ ವಸ್ತುವಾದರೆ ಸಾಮಾನ್ಯದ್ದು ಎರಡು ತಿಂಗಳಿಗೆ, ಚೀಟಿಯದು ಒಂದು ತಿಂಗಳಿಗೆ ಆಗುವಷ್ಟು. ಮೀರಿದರೆ 'ಯುನ್ಯು ಕಾಕುನಿನ್‌ಶೋ' ಎಂಬ ಆಮದು ದೃಢೀಕರಣ ಪತ್ರವನ್ನು ಮುಂಚೆಯೇ ಪಡೆಯಬೇಕು. ಗೆಳೆಯರಿಗೂ ಸೇರಿಸಿ ಹತ್ತು ಡಬ್ಬಿ ತರಿಸಿದರೆ 'ಸ್ವಂತ ಬಳಕೆ' ಎಂಬ ರಕ್ಷಣೆ ಅಲ್ಲಿಗೇ ಕಳಚುತ್ತದೆ.

ಎಲ್ಲಿ ಇದು ಅಪರಾಧ ಆಗುತ್ತದೆ

ಬಹಳಷ್ಟು ಸಲ ತಪ್ಪಿನ ಬೆಲೆ ಒಂದು ಡಬ್ಬಿ ಕಳೆದುಕೊಳ್ಳುವುದು, ಅಷ್ಟೇ. ಕೆಲವು ಪದಾರ್ಥಗಳಲ್ಲಿ ಹಾಗಲ್ಲ. ಡಿಎಚ್‌ಇಎ ಎಂಬ ಹಾರ್ಮೋನ್ ಅಮೆರಿಕದ ಅಂಗಡಿಯಲ್ಲಿ ಸಪ್ಲಿಮೆಂಟ್. ಕೆನಡಾದಲ್ಲಿ ಅದು ನಿಯಂತ್ರಿತ ಪದಾರ್ಥ, ಆಸ್ಟ್ರೇಲಿಯಾಕ್ಕೆ ಪರವಾನಗಿ ಇಲ್ಲದೆ ತರುವಂತಿಲ್ಲ. ಸಿಬಿಡಿ ಹಾಂಗ್‌ಕಾಂಗ್‌ನಲ್ಲಿ ಕೆಫೆಗಳಲ್ಲೇ ಸಿಗುತ್ತಿತ್ತು. 2023ರ ಫೆಬ್ರವರಿ 1ರಿಂದ ಅಪಾಯಕಾರಿ ಮಾದಕ ಪದಾರ್ಥಗಳ ಪಟ್ಟಿಗೆ ಸೇರಿತು. ಹತ್ತಿರ ಇಟ್ಟುಕೊಂಡರೂ ಏಳು ವರ್ಷದವರೆಗೆ ಜೈಲು, 10 ಲಕ್ಷ ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ. ಜನವರಿಯಲ್ಲಿ ಚಹಾ ಜೊತೆ ಕುಡಿದದ್ದು ಫೆಬ್ರವರಿಯಲ್ಲಿ ಅಪರಾಧ.

ತೂಕ ಇಳಿಸುವ, ಮೈ ಕಟ್ಟುವ, ಲೈಂಗಿಕ ಶಕ್ತಿಯ ಮಾತ್ರೆಗಳು ಇನ್ನೊಂದು ಬಗೆಯ ಬಲೆ. 2007ರಿಂದ 2016ರವರೆಗೆ ಎಫ್‌ಡಿಎ ಗುರುತಿಸಿದ 776 ಕಲಬೆರಕೆ ಸಪ್ಲಿಮೆಂಟುಗಳಲ್ಲಿ ಹೆಚ್ಚಿನವು ಈ ಮೂರು ಗುಂಪಿಗೆ ಸೇರಿದ್ದವು. ಸಿಕ್ಕಿದ್ದು ವಯಾಗ್ರದಲ್ಲಿರುವ ಸಿಲ್ಡೆನಫಿಲ್, ಹಸಿವು ಕುಗ್ಗಿಸುವ ಸಿಬುಟ್ರಮಿನ್, ಸ್ಟೀರಾಯ್ಡ್ ಥರದ ಪದಾರ್ಥಗಳು. ಲೇಬಲ್ಲಿನಲ್ಲಿ ಇವುಗಳ ಹೆಸರು ಇರುವುದಿಲ್ಲ.

ಹಳೆಯ ಡಬ್ಬಿ ಬೇಕೋ, ಒಳಗಿನ ಪದಾರ್ಥ ಬೇಕೋ

ಹೊಸ ದೇಶದಲ್ಲಿ ಜನ ಮೊದಲು ಹುಡುಕುವುದು ತಮ್ಮ ಹಳೆಯ ಬ್ರ್ಯಾಂಡನ್ನು. ಸಿಗದಾಗ ಪಾರ್ಸೆಲ್ ಹಾದಿ ಹಿಡಿಯುತ್ತಾರೆ. ಮೇಲೆ ಹೇಳಿದ ಹೆಚ್ಚಿನ ತೊಂದರೆಗಳು ಶುರುವಾಗುವುದು ಆ ಹೆಜ್ಜೆಯಲ್ಲಿ. ಡಬ್ಬಿಯ ಹಿಂಬದಿಯಿಂದ ಪದಾರ್ಥದ ವೈಜ್ಞಾನಿಕ ಹೆಸರು ಮತ್ತು ಪ್ರಮಾಣ ಬರೆದುಕೊಂಡು ಅಲ್ಲಿನ ಫಾರ್ಮಸಿಗೆ ಹೋದರೆ ಸಾಧಾರಣ ವಿಟಮಿನ್, ಖನಿಜಗಳು ಬೇರೆ ಹೆಸರಿನಲ್ಲಿ ಅಲ್ಲೇ ಸಿಗುತ್ತವೆ. ಫೋಲಿಕ್ ಆಮ್ಲ, ಕೊಲೆಕ್ಯಾಲ್ಸಿಫೆರಾಲ್ (ಡಿ3), ಸಯನೊಕೊಬಾಲಮಿನ್ (ಬಿ12) ಎಂಬ ಹೆಸರುಗಳು ಭಾಷೆ ಬದಲಾದರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ.

ಅಳತೆಯ ಗೊಂದಲ ಮಾತ್ರ ಬಿಡಿಸಿಕೊಳ್ಳಬೇಕು. ಒಂದು ದೇಶದ ಲೇಬಲ್ಲಿನಲ್ಲಿ ವಿಟಮಿನ್ ಡಿ 1000 ಐಯು (ಅಂತರರಾಷ್ಟ್ರೀಯ ಘಟಕ) ಎಂದಿದ್ದರೆ ಇನ್ನೊಂದರಲ್ಲಿ 25 ಮೈಕ್ರೋಗ್ರಾಂ ಎಂದಿರುತ್ತದೆ. ಎರಡೂ ಒಂದೇ; 40 ಐಯು ಅಂದರೆ 1 ಮೈಕ್ರೋಗ್ರಾಂ. ಇದು ಗೊತ್ತಿಲ್ಲದೆ 25 ತೀರಾ ಕಡಿಮೆ ಎಂದುಕೊಂಡು ದಿನಕ್ಕೆ ನಾಲ್ಕು ನುಂಗುವುದು ಸುಲಭ.

ಬೇರೆ ಔಷಧ ತೆಗೆದುಕೊಳ್ಳುವವರು ಫಾರ್ಮಸಿಸ್ಟ್‌ಗೆ ಅದನ್ನೂ ಹೇಳಬೇಕು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್ ಇವುಗಳ ಬಲ ಕುಗ್ಗಿಸುತ್ತದೆ. ಕೆಲವು ದೇಶಗಳು ಅದನ್ನು ಔಷಧದ ಸಾಲಿಗೆ ಹಾಕಿರುವುದು ಸುಮ್ನೆ ಅಲ್ಲ.

2027ರಲ್ಲಿ ಏನಾಗಬಹುದು

ಬಿ6ಗೇ ಮರಳೋಣ. ಕೌಂಟರಿನ ಹಿಂದೆ ಹೋದರೆ ಮಾರಾಟ ಕುಗ್ಗುತ್ತದೆ. ಹಾಗಾಗಿ ಅನೇಕ ಕಂಪನಿಗಳು ಪ್ರಮಾಣವನ್ನು 50ಕ್ಕೆ ಅಥವಾ ಕೆಳಗೆ ಇಳಿಸಿ ಕಪಾಟಿನಲ್ಲೇ ಉಳಿಯಲು ನೋಡುವ ಸಾಧ್ಯತೆ ಹೆಚ್ಚು. ಟಿಜಿಎಗೆ ಬೇಕಾದದ್ದೂ ಬಹುಶಃ ಅದೇ. ಆದರೆ 50ರ ಮೂರು ಡಬ್ಬಿ ಒಟ್ಟಿಗೆ ನುಂಗುವವರನ್ನು ಈ ನಿಯಮ ಹಿಡಿಯುವುದಿಲ್ಲ. ಅವರು ಯಾವ ಫಾರ್ಮಸಿಸ್ಟ್ ಮುಂದೆಯೂ ನಿಲ್ಲಬೇಕಿಲ್ಲ.

ಇನ್ನೊಂದು ಬಿರುಕು ಪಾರ್ಸೆಲ್ಲಿನದು. ಫಾರ್ಮಸಿಸ್ಟ್ ಕೊಡಬಹುದಾದ ವರ್ಗದ ವಸ್ತುವನ್ನು ಸ್ವಂತಕ್ಕೆ ಹೊರದೇಶದಿಂದ ತರಿಸಲು ಚೀಟಿ ಬೇಕಿಲ್ಲ. ಅಂದರೆ ಮುಂದೆ, 100 ಮಿಲಿಗ್ರಾಂ ಬಿ6 ಮಾತ್ರೆಯನ್ನು ಮನೆ ಪಕ್ಕದ ಫಾರ್ಮಸಿಯಲ್ಲಿ ಕೊಂಡರೆ ಪಾದದಲ್ಲಿ ಜುಮುಜುಮು ಇದೆಯಾ ಎಂದು ಒಬ್ಬರು ಕೇಳುತ್ತಾರೆ. ಅದೇ ಮಾತ್ರೆ ಅಮೆರಿಕದಿಂದ ಮೂರು ತಿಂಗಳ ಲೆಕ್ಕದಲ್ಲಿ ಅಂಚೆಯಲ್ಲಿ ಬಂದರೆ ಕೇಳುವವರು ಯಾರೂ ಇರುವುದಿಲ್ಲ.